ಹೊಕ್ಕುಳಿದ್ದ ಲಾರಿ

ಜೋನಿಬೆಲ್ಲ ಸೀದ ವಾಸನೆ ಮೂಗಿಗೆ ಬಂದರೆ ಇವತ್ತಿಗೂ ನಾನು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಹೋದ ವರ್ಷ ಹೆಗ್ಗರಣೆಯ ಹತ್ತಿರ ಗೆಳತಿಯೊಬ್ಬಳ ಮನೆಯ ಆಲೆಮನೆಗೆ ಹೋಗಿದ್ದೆ. ಬಂದವರೆಲ್ಲ ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲವನ್ನು ಬಾಳೆಲೆ ತುಂಡಿನ ಮೇಲೆ ಹಾಕಿಸಿಕೊಂಡು ಬೆರಳು ನೆಕ್ಕುತ್ತಿದ್ದರು. ಕೊಪ್ಪರಿಗೆಯ ಅಂಚಿಗೆ ಹತ್ತಿದ್ದ ಬೆಲ್ಲ ಸೀದು ಸಣ್ಣಗೆ ಹೊಗೆ ಎದ್ದಿತು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಗೆಳತಿ, “ಎಂತಾತೇ, ಹೊಗೆ ಕಣ್ಣಿಗೆ ಹೋತ?” ಎಂದು ಕೇಳಿದಳು. ಹೌದು ಎಂದೆ. ಅದು ಸುಳ್ಳೂ ಅಲ್ಲ. ಹೊಗೆಯೇ ಹೌದು, ಆದರೆ ನಲವತ್ತಾರು ವರ್ಷ ಹಳೆಯ ಹೊಗೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಊರಿಗೆಲ್ಲ ಸಿಹಿಯಾದದ್ದು, ನಿಮ್ಮೊಬ್ಬರಿಗೆ ಮಾತ್ರ ಯಾರನ್ನೋ ಕರೆದುಕೊಂಡು ಬರುವಂಥದ್ದು. ಇದ್ದರೆ ನಾನು ಮುಂದೆ ಹೇಳುವುದು ನಿಮಗೆ ಹೊಸದೆನಿಸಲಿಕ್ಕಿಲ್ಲ.

ನಮ್ಮದು ಎರಕ ಹೊಯ್ಯುವವರ ಮನೆ. ಶಿರಸಿಯಲ್ಲಿ ಪೇಟೆಯಿಂದ ಕೆರೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ, ಮುಂದೆ ಎರಕದ ಕೊಟ್ಟಿಗೆ, ಹಿಂದೆ ನಾವಿರುವ ಮನೆ. ಅಜ್ಜ ದೇವಸ್ಥಾನದ ಗಂಟೆ, ದನದ ಕೊರಳ ಗಂಟೆ, ಸೌಟು, ನೀರೆತ್ತುವ ಪಂಪಿನ ಬಿಡಿಭಾಗ, ಏನು ಕೇಳಿದರೂ ಎರಕ ಹೊಯ್ದು ಕೊಡುತ್ತಿದ್ದ. ಅಪ್ಪ ತಿದಿ ಒತ್ತುತ್ತಿದ್ದ, ಅಮ್ಮ ಮರಳು ಜರಡಿ ಹಿಡಿಯುತ್ತಿದ್ದಳು. ಆ ಮರಳು ಗಟ್ಟಿಯಾಗಿ ನಿಲ್ಲಲಿ ಎಂದು ಸಿದ್ದಾಪುರದ ಕಡೆಯಿಂದ ಜೇನಿನಂತೆ ಹರಿಯುವ ಹಳೆಯ ಜೋನಿಬೆಲ್ಲ ತರಿಸಿ ಕಲಸುತ್ತಿದ್ದರು. ಮರದ ಗಂಟೆಯೊಂದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅದರ ಆಕಾರದ ಟೊಳ್ಳು ಉಳಿಯುತ್ತಿತ್ತು. ಮರಳು ತುಂಬಿದ ಚೌಕಟ್ಟುಗಳನ್ನು ಹಗ್ಗದಿಂದ ಬಿಗಿದು, ಮೂಸೆಯಲ್ಲಿ ಕರಗಿದ ಕಂಚನ್ನು ಆ ಟೊಳ್ಳಿಗೆ ಹೊಯ್ಯುವುದು. ಕಂಚು ತಾಗಿದೊಡನೆ ಮರಳಿನ ಬೆಲ್ಲ ಸೀಯುತ್ತಿತ್ತು. ನಮ್ಮ ಬಟ್ಟೆ, ಹಾಸಿಗೆ, ಪಾಟಿಚೀಲ ಎಲ್ಲದಕ್ಕೂ ಅದೇ ವಾಸನೆ. ತರಗತಿಯ ಹುಡುಗಿಯರು ನನ್ನ ಪಕ್ಕ ಕೂತು, ನಿಮ್ಮನೆಯಲ್ಲಿ ದಿನಾ ಪಾಯಸವೇನೇ ಎಂದು ಕೇಳುತ್ತಿದ್ದರು. ನಾನೂ ಹೌದು ಎಂದು ಜಂಬ ಕೊಚ್ಚಿಕೊಂಡಿದ್ದೆ.

ಅಜ್ಜನಿಗೆ ಒಂದು ಚಾಳಿ ಇತ್ತು. ಯಾವ ವಸ್ತು ಕೈಗೆ ಬಂದರೂ ಮೊದಲು ತಿರುಗಿಸಿ ತಳ ನೋಡುವುದು. “ಮೋರೆ ನೋಡಬೇಡ. ಮೋರೆಗೆ ಎಲ್ಲರೂ ಅರ ಹಾಕಿ ಉಜ್ತಾರೆ. ಬೆನ್ನು ನೋಡು, ಬೆನ್ನು ಸುಳ್ಳು ಹೇಳೂದಿಲ್ಲ” ಎನ್ನುತ್ತಿದ್ದ. ತಳದಲ್ಲಿ ಲೋಹ ಎಲ್ಲಿಂದ ಹರಿದು ಬಂತು, ಎಲ್ಲಿ ಕೂಡಿತು, ಅಚ್ಚಿನ ಎರಡು ಹೋಳು ಎಲ್ಲಿ ಸೇರಿದವು, ಹೊಯ್ದವನು ಅವಸರ ಮಾಡಿದನೋ ತಾಳ್ಮೆಯಿಂದ ಇದ್ದನೋ, ಎಲ್ಲ ಗೊತ್ತಾಗುತ್ತದಂತೆ. ಅಮ್ಮನನ್ನು ಅಪ್ಪನಿಗೆ ನೋಡಲು ಹೋದಾಗಲೂ ಅಜ್ಜ, ಅವರು ಕೊಟ್ಟ ಲೋಟವನ್ನು ತಿರುಗಿಸಿ ನೋಡಿ, ಒಳಗಿದ್ದ ಕಾಫಿಯನ್ನೆಲ್ಲ ಪಂಚೆಯ ಮೇಲೆ ಸುರಿದುಕೊಂಡಿದ್ದ ಎಂಬ ಕತೆ ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಬರುತ್ತಿತ್ತು. ಲೋಟ ಒಳ್ಳೆಯದಿತ್ತು, ಅದಕ್ಕೇ ಸಂಬಂಧ ಆಯಿತು ಎಂದು ಅಪ್ಪ ನಗುತ್ತಿದ್ದ. ಅಮ್ಮ ಆಗ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಮ್ಮ ಹಾಗೆ ನಗುತ್ತಿದ್ದ ಕಾಲವೂ ಒಂದಿತ್ತು.

ನನಗೆ ಒಂಬತ್ತು ವರ್ಷ, ತಮ್ಮ ದಿನುವಿಗೆ ಏಳು. ಆ ವರ್ಷ ಮುಂಬಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಸೋದರಮಾವ ಬಂದಾಗ ನಮಗೆ ಎರಡು ಆಟಿಕೆ ಲಾರಿ ತಂದ. ಅಂಗೈಯಲ್ಲಿ ಅಡಗುವಷ್ಟು ಸಣ್ಣವು. ಹಸಿರು ಮುಂಭಾಗ, ಹಳದಿ ತೊಟ್ಟಿ, ಬೂದು ಬಣ್ಣದ ಗಾಲಿ. ಅಲ್ಲಿಯವರೆಗೆ ನಾವು ಕಂಡಿದ್ದು ಮರದ ಗಾಡಿ ಮತ್ತು ತಗಡಿನ ಮೋಟಾರು. ಇವು ಹಾಗಲ್ಲ, ಲೋಹದ ಎರಕ. ಕೈಯಲ್ಲಿಟ್ಟರೆ ತಣ್ಣಗೆ ತೂಗುತ್ತಿದ್ದವು. ಕೊಟ್ಟಿಗೆಯ ಮರಳಿನ ಗುಡ್ಡೆಯ ಮೇಲೆ ನಾವು ಘಟ್ಟದ ರಸ್ತೆ ಮಾಡಿ, ಯಲ್ಲಾಪುರದಿಂದ ಅಂಕೋಲೆಗೆ ಅವನ್ನು ಇಳಿಸುತ್ತಿದ್ದೆವು. ಎರಡೂ ಒಂದೇ ಥರ ಇದ್ದದ್ದರಿಂದ ಜಗಳ ಬೇಡ ಎಂದು ಅಮ್ಮ ಗುರುತು ಮಾಡಿಕೊಟ್ಟಳು. ನನ್ನದಕ್ಕೆ ಕೆಂಪು ದಾರ, ದಿನುವಿನದಕ್ಕೆ ಅವನ ಹಳೆಯ ಉಡಿದಾರದ ಕಪ್ಪು ದಾರ. ಕಪ್ಪು ದಾರವನ್ನು ದಿನು ತಾನೇ ಕಟ್ಟಿಕೊಂಡ, ಅಚ್ಚಿನ ಚೌಕಟ್ಟು ಬಿಗಿಯುವಾಗ ಅಜ್ಜ ಹಾಕುತ್ತಿದ್ದ ಗಂಟಿನಲ್ಲಿ. ಎಳೆದಷ್ಟೂ ಬಿಗಿಯಾಗುವ, ಮೂರು ಸುತ್ತಿನ ಗಂಟು ಅದು. ಆರು ವರ್ಷಕ್ಕೇ ಅದನ್ನು ಕಲಿತಿದ್ದ. ಒಂದೇ ಅಡಚಣೆಯೆಂದರೆ ನಡುವಿನ ಸುತ್ತಿನ ಮೇಲೆ ಯಾರಾದರೂ ಬೆರಳು ಇಡಬೇಕಿತ್ತು. ನನಗೆ ಅದು ಎಷ್ಟು ಕಲಿತರೂ ಬರಲಿಲ್ಲ. ನಾನು ನನ್ನ ಕೆಂಪು ದಾರಕ್ಕೆ ಲಂಗದ ಲಾಡಿಗೆ ಹಾಕುವ ಗಂಟು ಹಾಕಿದೆ.

ಅಜ್ಜ ಲಾರಿಗಳನ್ನು ತಿರುಗಿಸಿ ನೋಡದೆ ಇರುವುದುಂಟೇ? ಎರಡನ್ನೂ ಬೆಳಕಿಗೆ ಹಿಡಿದು, “ಇವು ಒಂದೇ ಅಚ್ಚಿನವಲ್ಲ” ಎಂದ. ನನ್ನ ಲಾರಿಯ ಹೊಟ್ಟೆಗೆ ಅಡ್ಡಲಾಗಿ ಒಂದು ಉಬ್ಬಿದ ಪಟ್ಟಿ ಇತ್ತು. ದಿನುವಿನದರ ಹೊಟ್ಟೆ ನುಣ್ಣಗಿತ್ತು, ನಟ್ಟನಡುವೆ ದುಂಡಗಿನ ಒಂದು ಸಣ್ಣ ಗುಳಿ. ಅದನ್ನು ನೋಡಿದ್ದೇ ದಿನು ತನ್ನ ಅಂಗಿ ಎತ್ತಿ, “ಹೊಕ್ಕುಳು” ಎಂದ. ಅಜ್ಜ ಉಸಿರು ಕಟ್ಟುವಷ್ಟು ನಕ್ಕ. ಅಷ್ಟೇ ಸಾಕಾಯಿತು. ಅವತ್ತಿನಿಂದ ದಿನು ನನ್ನನ್ನು ನಿಲ್ಲಗೊಡಲಿಲ್ಲ. “ಅಕ್ಕಾ, ನಂದು ಹುಟ್ಟಿದ್ದು, ನಿಂದು ಮಾಡಿದ್ದು” ಎಂದು ಕೂತಲ್ಲಿ ನಿಂತಲ್ಲಿ ರಾಗ ಎಳೆಯುತ್ತಿದ್ದ. ನನಗೆ ಹೊಟ್ಟೆ ಉರಿಯಿತು. ದೊಡ್ಡವಳು ನಾನು, ಹೊಕ್ಕುಳಿದ್ದ ಲಾರಿ ನನಗೆ ಬರಬೇಕಿತ್ತು ಎಂದು ವಾದ ಹೂಡಿದೆ. ಬದಲಾಯಿಸಿಕೊಳ್ಳೋಣ ಎಂದು ಪುಸಲಾಯಿಸಿದೆ, ಬಳಪ ಕೊಡುತ್ತೇನೆ ಎಂದೆ, ಕೊನೆಗೆ ಗಿಲ್ಲಿದೆ. ಅವನು ಕೊಡಲಿಲ್ಲ. ಒಂದು ಸಂಜೆ ಮರಳಿನ ಗುಡ್ಡೆಯ ಹತ್ತಿರ ನಾನು ಕಿರುಬೆರಳು ಚಾಚಿ, “ನಿಂಗೂ ನಿನ್ನ ಲಾರಿಗೂ ಟೂ. ಸತ್ತರೂ ಮಾತಾಡೂದಿಲ್ಲ” ಎಂದೆ. ಮಕ್ಕಳೆಲ್ಲ ಆಡುವ ಮಾತೇ. ನೀವೂ ಆಡಿರುತ್ತೀರಿ, ಮರುದಿನ ರಾಜಿಯಾಗಿರುತ್ತೀರಿ. ನಾನು ಸ್ವಲ್ಪ ಹಟದವಳು. ನನ್ನ ಲಾರಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟು ಮತ್ತೆ ಮುಟ್ಟಲಿಲ್ಲ, ಎಂಟು ದಿನ ಅವನೊಡನೆ ಮಾತಾಡಲಿಲ್ಲ.

ಆರನೆಯ ದಿನ ಅವನಿಗೆ ಜ್ವರ ಬಂದಿತ್ತು. ಮಾಮೂಲಿ ಜ್ವರ ಎಂದುಕೊಂಡರು. ನಾನು ಅವನ ಚಾಪೆಯ ಪಕ್ಕದಲ್ಲೇ ಓಡಾಡುತ್ತಿದ್ದೆ, ಮಾತಾಡಿಸಲಿಲ್ಲ. ಅವನು ನನ್ನ ಕಡೆ ನೋಡಿದರೆ ಮುಖ ತಿರುಗಿಸುತ್ತಿದ್ದೆ. ಎಂಟನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೋದ ಮೇಲೆ ಜ್ವರ ತಲೆಗೇರಿತು. ಯಾರದೋ ಜೀಪಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದರು. ಮಧ್ಯಾಹ್ನ ನಾನು ಬಂದಾಗ ಚಾಪೆ ಖಾಲಿ ಇತ್ತು, ಒಲೆ ಆರಿತ್ತು. ಮೂರನೆಯ ದಿನ ಅಪ್ಪ ಮತ್ತು ಅಮ್ಮ ಇಬ್ಬರೇ ಬಂದರು. ಅಮ್ಮನ ಕೈಚೀಲದಲ್ಲಿ ಅವನ ಅಂಗಿ ಚಡ್ಡಿ, ಕಪ್ಪು ದಾರದ ಲಾರಿ. ಆಸ್ಪತ್ರೆಯಲ್ಲೂ ಅದನ್ನು ಕೈಯಿಂದ ಬಿಟ್ಟಿರಲಿಲ್ಲವಂತೆ. ನಾನು ಅಳಲಿಲ್ಲ. ಅಳಲು ನನಗೆ ಹಕ್ಕಿಲ್ಲ ಎಂದೇ ಅನ್ನಿಸಿತ್ತು. ಸತ್ತರೂ ಮಾತಾಡೂದಿಲ್ಲ ಎಂದವಳು ನಾನು. ಆ ಮಾತನ್ನು ಅವನ ಹೊರತು ಯಾರೂ ಕೇಳಿಸಿಕೊಂಡಿರಲಿಲ್ಲ, ಹೋದ ದೀಪಾವಳಿಯವರೆಗೆ ನಾನು ಯಾರಿಗೂ ಹೇಳಿರಲೂ ಇಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ಮನೆಯವರು ಯಾರಾದರೂ ತೀರಿಕೊಂಡರೆ, ಅವರ ಕೈ ಹೆಚ್ಚು ಹಿಡಿದಿದ್ದ ಲೋಹದ ವಸ್ತುವೊಂದನ್ನು ದಿನಕರ್ಮ ಮುಗಿದ ಮೇಲಿನ ಮೊದಲ ಮೂಸೆಗೆ ಹಾಕಿ ಕರಗಿಸುತ್ತಿದ್ದರು. ಅದರಿಂದ ಒಂದು ಗಂಟೆ ಹೊಯ್ದು ಕೊಟ್ಟಿಗೆಯ ಬಾಗಿಲಿಗೆ ಕಟ್ಟುವುದು. ಬಾಗಿಲು ತೆರೆದಾಗಲೆಲ್ಲ ಅದು ಬಡಿಯಬೇಕು, ಹೋದವರು ಬಂದು ಹೋದ ಹಾಗೆ. ಮುತ್ತಜ್ಜನ ಎಲೆಪೆಟ್ಟಿಗೆಯ ಗಂಟೆ ಇತ್ತು, ಅಜ್ಜಿಯ ಕಂಚಿನ ಲೋಟದ ಗಂಟೆ ಇತ್ತು. ಎರಡೂ ಚೆನ್ನಾಗಿ ನಾದ ಕೊಡುತ್ತಿದ್ದವು. ಆದರೆ ಏಳು ವರ್ಷದವನ ಕೈ ಹಿಡಿದ ಲೋಹ ಯಾವುದು? ಲಾರಿ ಒಂದೇ. ಅದು ಕಂಚಲ್ಲ, ಹಿತ್ತಾಳೆಯಲ್ಲ, ಯಾವುದೋ ಬೆಳ್ಳನೆಯ ಬೆರಕೆ ಲೋಹ. ಗಂಟೆಯ ಕಂಚಿಗೆ ಅಂಥದ್ದು ಒಂದು ಚೂರು ಬಿದ್ದರೂ ಮೂಸೆ ಹಾಳು ಎಂದು ಬಯ್ಯುತ್ತಿದ್ದವನು ಅಜ್ಜನೇ. ಅವತ್ತು ಅವನೇ ಅಮ್ಮನ ಕೈಯಿಂದ ಲಾರಿಯನ್ನು ತೆಗೆದುಕೊಂಡ. ಕಪ್ಪು ದಾರ ಬಿಚ್ಚಿದ. ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ನೇರವಾಗಿ ಮೂಸೆಗೆ ಹಾಕಿದ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಜೀವಮಾನದಲ್ಲಿ ಅದೊಂದು ವಸ್ತುವನ್ನು ಅಜ್ಜ ತಿರುಗಿಸಿ ನೋಡಲಿಲ್ಲ. ಬೆಂಕಿಯಿಂದ ದಪ್ಪನೆಯ ಬಿಳಿ ಹೊಗೆ ಎದ್ದು ಹೆಂಚಿನವರೆಗೆ ಹೋಯಿತು. ಅಪ್ಪ ತಿದಿ ಬಿಟ್ಟು ಕೆಮ್ಮುತ್ತ ಹೊರಗೆ ಓಡಿದ. ಅಜ್ಜ ಆ ಹೊಗೆಯೊಳಗೇ ನಿಂತಿದ್ದ.

ಗಂಟೆ ತಣಿದ ಮೇಲೆ ನೋಡಿದರೆ ಮೈತುಂಬ ಸಣ್ಣ ಸಣ್ಣ ತೂತು. ನಾಲಿಗೆ ಕಟ್ಟಿ ಅಲ್ಲಾಡಿಸಿದಾಗ ಠಣ್ ಎನ್ನಲಿಲ್ಲ, ಠಕ್ ಎಂದಿತು. ಬಾಗಿಲು ಬಡಿದ ಹಾಗೆ ಕೇಳಿಸಿತು. ಮರುವಾರ ದನದ ಗಂಟೆಗೆ ಬಂದ ಸಿದ್ದಾಪುರದ ಕಡೆಯ ತೋಟದವರೊಬ್ಬರು ಬಾಗಿಲಲ್ಲಿ ನಿಂತು ಅದನ್ನು ಬಡಿದು ನೋಡಿ, “ಎಂತದಾ ಇದು ಮಾರಾಯ, ನಾದವೇ ಬತ್ತಿಲ್ಲೆ. ಒಡೆದು ಇನ್ನೊಂದು ಹೊಯ್ಯಲಾಗ್ದ?” ಎಂದು ಕೇಳಿದರು. ಅಜ್ಜ ಅವರ ದನದ ಗಂಟೆ ತಂದು ಕೈಗಿಟ್ಟ. ಆದರೆ ಒಳಗೆ ಜರಡಿ ಹಿಡಿದಿದ್ದ ಅಮ್ಮ ಆ ಸದ್ದಿಗೆ ಥಟ್ಟನೆ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಮುತ್ತಜ್ಜನ ಗಂಟೆಗೂ ಅಜ್ಜಿಯ ಗಂಟೆಗೂ ಅವಳು ಹಾಗೆ ನೋಡುತ್ತಿರಲಿಲ್ಲ. ಅವತ್ತು ಶುರುವಾದದ್ದು ಅದು.

ಇನ್ನೊಂದು ಮಾತನ್ನು ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ, ಹಿಂದಿನ ದಿನ ಅಮ್ಮ ಸಮ ಮಾಡಿಟ್ಟಿದ್ದ ಮರಳಿನ ಗುಡ್ಡೆಯ ಮೇಲೆ ಗಾಲಿಯ ಗೆರೆಗಳಿದ್ದವು. ಜೊತೆಜೊತೆಯಾಗಿ ಎರಡು ತೆಳು ಗೆರೆ, ನಾವು ಮಾಡಿದ್ದ ಘಟ್ಟದ ರಸ್ತೆಯ ತಿರುವುಗಳಲ್ಲೇ ಇಳಿದು ಬಂದಿದ್ದವು. ಗೂಡಿನಲ್ಲಿದ್ದ ನನ್ನ ಲಾರಿ ಅಲ್ಲಿರಲಿಲ್ಲ. ಅಮ್ಮನನ್ನು ಕೂಗಿದೆ. ಅಮ್ಮ ಬಂದು ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ, ಗೆರೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಆ ಗುಡ್ಡೆಯನ್ನು ಆಮೇಲೆ ಯಾರೂ ಮುಟ್ಟಕೂಡದು ಎಂದು ಬುಟ್ಟಿ ಕವುಚಿ ಇಟ್ಟಳು. ಬೇರೆ ಮರಳು ತರಿಸಿದರು. ಬುಟ್ಟಿಯ ಕೆಳಗಿನ ಮರಳು ಒಣಗಿ ಕುಸಿದು ಗೆರೆಗಳು ತಾವಾಗಿ ಅಳಿಸುವವರೆಗೆ ಅಮ್ಮ ದಿನಕ್ಕೊಮ್ಮೆ ಎತ್ತಿ ನೋಡುತ್ತಿದ್ದಳು. ನಾನು ನನ್ನ ಲಾರಿ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ದಿನು ಬಂದು ತೆಗೆದುಕೊಂಡು ಹೋದ ಎಂದೇ ನಂಬಿದ್ದೆ. ಅವನದು ಕರಗಿಹೋಗಿತ್ತಲ್ಲ, ಆಡಲು ಒಂದು ಬೇಕಲ್ಲ.

ಅಜ್ಜ ಎರಡು ವರ್ಷ ಬದುಕಿದ್ದ. ಅಪ್ಪ ಹತ್ತು ಹದಿನೈದು ವರ್ಷ ಒಬ್ಬನೇ ನಡೆಸಿ, ಸ್ಟೀಲಿನ ಕಾಲ ಬಂದಾಗ ಕೈಬಿಟ್ಟ. ಅಪ್ಪನೂ ಹೋಗುವ ಹೊತ್ತಿಗೆ ನನಗೆ ಯಲ್ಲಾಪುರದ ಅಂಚೆ ಕಚೇರಿಯಲ್ಲಿ ಕೆಲಸವಾಗಿತ್ತು. ಕೊಟ್ಟಿಗೆಯನ್ನು ವೆಲ್ಡಿಂಗ್ ಮಾಡುವ ಸಲೀಮನಿಗೆ ಬಾಡಿಗೆಗೆ ಕೊಟ್ಟು ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ಬರುವಾಗ ಅಮ್ಮ ನಾದದ ಗಂಟೆಗಳನ್ನು ನೆಂಟರಿಗೆ ಕೊಟ್ಟಳು, ಠಕ್ಕೆನ್ನುವ ಗಂಟೆಯೊಂದನ್ನು ಸೀರೆಯಲ್ಲಿ ಸುತ್ತಿಕೊಂಡು ತಂದಳು. ಅದು ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಬಂತು. ಬೆಕ್ಕು ತಳ್ಳಿದರೂ ಗಾಳಿ ಬಡಿದರೂ ಅದು ಠಕ್ ಎನ್ನುತ್ತದೆ, ಅಮ್ಮ ತಲೆ ಎತ್ತುತ್ತಾಳೆ. ಎಷ್ಟೋ ಸಲ ನಾನು ಕಚೇರಿಯಿಂದ ಬಂದು ಎದುರಿಗೆ ನಿಂತು ಏನೋ ಹೇಳುತ್ತಿರುವಾಗಲೇ ಗಂಟೆ ಬಡಿದು, ನನ್ನ ಮಾತು ಅರ್ಧಕ್ಕೇ ಬಿದ್ದುಹೋಗಿದೆ. ನಾನು ಕರೆದರೆ ಎರಡು ಸಲ ಕರೆಯಬೇಕು, ಗಂಟೆಗೆ ಒಂದು ಸಲ ಸಾಕು. ಸತ್ತ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಯ ಮಾತು. ಆದರೂ ಪಟ್ಟಿದ್ದೇನೆ, ಈ ವಯಸ್ಸಿನವರೆಗೂ.

ಹಳೆಯ ಎರಕದ ಆಟಿಕೆ ಗಾಡಿಗಳ ಹುಚ್ಚು ನನಗೆ ಹತ್ತಿದ್ದು ಹೇಗೆ ಎಂದು ಜನ ಕೇಳುತ್ತಾರೆ. ಹುಚ್ಚಲ್ಲ, ಹುಡುಕಾಟ. ದಿನುವಿನ ಲಾರಿಯಂಥದೇ ಇನ್ನೊಂದು, ಹೊಟ್ಟೆ ನುಣ್ಣಗಿರುವ, ಹೊಕ್ಕುಳಿರುವ ಲಾರಿ ಈ ಲೋಕದಲ್ಲಿ ಎಲ್ಲಾದರೂ ಇರಬೇಕಲ್ಲ ಎಂದು ಹೊರಟವಳು ನಾನು. ಸಿಕ್ಕರೆ ಅಂಗೈಯಲ್ಲಿ ಇಟ್ಟುಕೊಂಡು ರಾಜಿ ಎಂದು ಹೇಳಬೇಕು. ಅಷ್ಟೇ ಇದ್ದದ್ದು. ಹುಡುಕುತ್ತ ಹುಡುಕುತ್ತ ಕಲಿತೆ. ಕಾರ್ಖಾನೆಯ ಉಕ್ಕಿನ ಅಚ್ಚಿನಿಂದ ಆಟಿಕೆಯನ್ನು ಹೊರಗೆ ತಳ್ಳಲು ಒಂದು ಮೊಳೆ ಇರುತ್ತದೆ. ಅದು ತಳ್ಳಿದ ಗುರುತೇ ದಿನು ಕಂಡ ಹೊಕ್ಕುಳು. ಮೊದಮೊದಲ ಲಾರಿಗಳ ಹೊಟ್ಟೆ ತೆಳುವಾಯಿತೆಂದೋ ಏನೋ ಅಚ್ಚನ್ನು ತಿದ್ದಿ, ಅಲ್ಲಿಗೊಂದು ಪಟ್ಟಿ ಕೊಟ್ಟು, ಮೊಳೆಯನ್ನು ಬದಿಗೆ ಸರಿಸಿದ್ದಾರೆ. ತಿದ್ದುವ ಮುಂಚೆ ಬಂದವು ಕೆಲವೇ. ಬಣ್ಣ ಒಂದೇ, ಗಾಲಿ ಒಂದೇ, ಮೋರೆ ಒಂದೇ, ತಿರುಗಿಸದಿದ್ದರೆ ಗೊತ್ತಾಗುವುದೇ ಇಲ್ಲ. ಈಗ ಎಲ್ಲೆಲ್ಲಿಂದಲೋ ಜನ ಫೋನಿಗೆ ಫೋಟೊ ಕಳಿಸಿ, ಇದು ಅಪರೂಪದ್ದೇ ಮೇಡಂ ಎಂದು ಕೇಳುತ್ತಾರೆ. ಮೊದಲು ತಳದ ಫೋಟೊ ಕಳಿಸಿ ಎನ್ನುತ್ತೇನೆ. ದೀಪವನ್ನು ಪಕ್ಕದಿಂದ ಹಿಡಿಯಿರಿ ಎನ್ನುತ್ತೇನೆ. ಅಜ್ಜನ ಧ್ವನಿ ನನ್ನ ಬಾಯಲ್ಲಿ ಕೇಳಿ ನನಗೇ ಒಮ್ಮೊಮ್ಮೆ ಮೈ ಜುಂ ಎನ್ನುತ್ತದೆ.

ದಾಸನಕೊಪ್ಪದ ಗುಜರಿ ಅಂಗಡಿಯವರಿಗೆ ನನ್ನ ಪರಿಚಯವಾಗಿ ಎಷ್ಟೋ ವರ್ಷವಾಯಿತು. “ಬರ್ರಿ ಅಕ್ಕಾರ, ನಿಮ್ಮ ಹಸರು ಲಾರಿ ಒಂದ್ ಬಂದೈತಿ ನೋಡ್ರಿ” ಎಂದು ಒಮ್ಮೆ ಫೋನು ಮಾಡಿದರು. ಸಿಕ್ಕಿದ ಬಸ್ಸು ಹತ್ತಿ ಹೋದೆ. ತಿರುಗಿಸಿದರೆ ಪಟ್ಟಿ. ಇನ್ನೊಮ್ಮೆ ದೂರದ ಊರಿನವನೊಬ್ಬ ಹೊಕ್ಕುಳಿನ ಫೋಟೊವನ್ನೇ ಕಳಿಸಿದ. ಪೊಟ್ಟಣ ನಮ್ಮ ಅಂಚೆ ಕಚೇರಿಗೇ ಬಂತು. ನನ್ನ ಹೆಸರಿನ ಪೊಟ್ಟಣವನ್ನು ನಾನೇ ಸಹಿ ಹಾಕಿ ಬಿಡಿಸಿಕೊಂಡು, ಮನೆಯವರೆಗೂ ತಡೆಯದೆ ಅಲ್ಲೇ ಕಿಟಕಿಯ ಹತ್ತಿರ ಬಿಚ್ಚಿದೆ. ಹೊಟ್ಟೆ ನುಣ್ಣಗಿತ್ತು, ಗುಳಿಯೂ ಇತ್ತು. ಭೂತಗನ್ನಡಿ ಹಿಡಿದಾಗ ಅಡ್ಡಡ್ಡ ಅರದ ಗೀರು ಕಂಡಿತು. ಪಟ್ಟಿಯನ್ನು ಅರ ಹಾಕಿ ತೆಗೆದು, ಬೈರಿಗೆಯಿಂದ ಹೊಕ್ಕುಳು ಕೊರೆದಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾಲ್ಕು ಜನಕ್ಕೆ ಹೇಳುವವಳು ನಾನೇ, ಆದರೂ ಅವತ್ತು ಮೋಸ ಹೋದ ಮಗುವಿನಂತೆ ಅತ್ತೆ. ಅದಾದ ಮೇಲೆ ಸಿಗುತ್ತದೆ ಎಂಬ ಆಸೆಯನ್ನು ಬಿಟ್ಟಿದ್ದೆ.

ಹೋದ ದೀಪಾವಳಿಯ ಮುಂಚೆ ಸಲೀಮ ಫೋನು ಮಾಡಿದ. ಕೊಟ್ಟಿಗೆಯ ಮಾಡು ಕೆಟ್ಟಿತ್ತು, ಬಿಚ್ಚಿಸುತ್ತಿದ್ದ. “ಅಕ್ಕಾ, ಅಟ್ಟದ ಮೂಲೆಲಿ ನಿಮ್ಮ ಅಜ್ಜಂದು ಒಂದು ಪೆಟ್ಟಿಗೆ ಉಂಟು. ಮರದ ಗಂಟೆ ಎಲ್ಲ ಇದೆ. ಬಿಸಾಡೂಕೆ ಮನಸ್ಸಾಗ್ಲಿಲ್ಲ” ಎಂದ. ಹೋದೆ. ಹೆಂಚು ತೆಗೆದ ಕೊಟ್ಟಿಗೆಯೊಳಗೆ ಬಿಸಿಲು ಬಿದ್ದಿತ್ತು, ನಾನು ಅಲ್ಲಿ ಬಿಸಿಲನ್ನು ಕಂಡದ್ದು ಅದೇ ಮೊದಲು. ಪೆಟ್ಟಿಗೆಯಲ್ಲಿ ಗಂಟೆ ಹೊಯ್ಯುವ ಮರದ ಅಚ್ಚುಗಳ ಕೆಳಗೆ, ಅಜ್ಜನ ಹೆಗಲ ಪಂಚೆಯ ತುಂಡಿನಲ್ಲಿ ಏನೋ ಸುತ್ತಿತ್ತು. ಬಿಚ್ಚಿದೆ. ಕೆಂಪು ದಾರದ ಲಾರಿ. ನನ್ನದು. ಗಾಲಿಯ ಸಂದಿನಲ್ಲಿ ಕಪ್ಪು ಮರಳು ಇನ್ನೂ ಹತ್ತಿಕೊಂಡಿತ್ತು. ಬುಟ್ಟಿ ಕವುಚಿಟ್ಟ ಆ ಗೆರೆಗಳು ಆಗ ಅರ್ಥವಾದವು. ಯಾರೂ ಏಳುವ ಮುಂಚೆ ಅಜ್ಜ ಒಬ್ಬನೇ ಬಂದು, ಮೊಮ್ಮಗನ ಘಟ್ಟದ ರಸ್ತೆಯಲ್ಲಿ ಲಾರಿ ಇಳಿಸಿದ್ದಾನೆ. ಆಮೇಲೆ ಅಮ್ಮನ ಕಣ್ಣಿಗೆ ಬೀಳದ ಹಾಗೆ ಅಡಗಿಸಿಟ್ಟಿದ್ದಾನೆ. ಮುದುಕ ಆ ಹೊತ್ತಿನಲ್ಲಿ ಬಾಯಲ್ಲಿ ಲಾರಿಯ ಸದ್ದು ಮಾಡಿದನೋ ಇಲ್ಲವೋ, ಅದನ್ನು ನೆನೆದೇ ನನಗೆ ಅಳು ಬಂತು.

ಚಾಳಿ ಬಿಡುತ್ತದೆಯೇ? ಅಳುತ್ತಲೇ ತಿರುಗಿಸಿದೆ. ಹೊಟ್ಟೆ ನುಣ್ಣಗಿತ್ತು. ನಟ್ಟನಡುವೆ ಹೊಕ್ಕುಳು. ಸೆರಗಿನಿಂದ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಅರದ ಗೀರಿಲ್ಲ, ಕೊರೆದ ಗುರುತಿಲ್ಲ, ಲೋಹ ಹರಿದ ಗೆರೆಗಳು ಗುಳಿಯ ಸುತ್ತ ಬಳಸಿ ಹೋಗಿದ್ದವು. ಇದು ದಿನುವಿನ ಲಾರಿ. ದಾರ ನನ್ನದು, ಲಾರಿ ಅವನದು. ಮತ್ತೆ ದಾರವನ್ನು ನೋಡಿದೆ. ಅದು ನಾನು ಹಾಕಿದ್ದ ಲಾಡಿಯ ಗಂಟಾಗಿರಲಿಲ್ಲ. ಮೂರು ಸುತ್ತಿನ, ಎಳೆದಷ್ಟೂ ಬಿಗಿಯಾಗುವ ಗಂಟು. ನಾನು ಎಷ್ಟು ಕಲಿತರೂ ಬಾರದೆ ಹೋದದ್ದು. ಅಂದರೆ ಅವನೇ ದಾರಗಳನ್ನು ಅದಲುಬದಲು ಮಾಡಿದ್ದ. ಹೊಕ್ಕುಳಿದ್ದದ್ದಕ್ಕೆ ಕೆಂಪು ದಾರ ಕಟ್ಟಿ ನನ್ನ ಗೂಡಿಗೆ ಇಡಿಸಿ, ನನ್ನ ಪಟ್ಟಿಯ ಲಾರಿಗೆ ತನ್ನ ಕಪ್ಪು ದಾರ ಕಟ್ಟಿಕೊಂಡು ಜೀಪು ಹತ್ತಿದ್ದ. ಟೂ ಬಿಟ್ಟವಳೊಡನೆ ಮಾತಾಡಿ ರಾಜಿಯಾಗುವಂತಿಲ್ಲವಲ್ಲ, ಅದಕ್ಕೆ ಹೀಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ತಳ ನೋಡದೆ ಏನನ್ನೂ ನಂಬದ ಮನೆಯವರು ನಾವು, ಅದೊಂದನ್ನು ಮಾತ್ರ ದಾರ ನೋಡಿ ನಂಬಿದೆವು. ಅಜ್ಜ ಮೂಸೆಗೆ ಹಾಕಿದ್ದೂ ದಾರ ನೋಡಿಯೇ. ಆಮೇಲೆ ಇದರ ತಳ ನೋಡಿಯೇ ಅಡಗಿಸಿಟ್ಟನೋ ಏನೋ.

ಅಮ್ಮನಿಗೆ ಹೇಳುವುದೋ ಬೇಡವೋ ಎಂದು ಶಿರಸಿಯಿಂದ ಯಲ್ಲಾಪುರದವರೆಗೆ ಬಸ್ಸಿನಲ್ಲಿ ಯೋಚಿಸಿದೆ. ಗಂಟೆಯೊಳಗೆ ಮಗನಿದ್ದಾನೆ ಎಂದು ಇಷ್ಟು ವರ್ಷ ಬದುಕಿದವಳು. ಅದರಲ್ಲಿ ಅವನಿಲ್ಲ ಎಂದರೆ ಎಂಬತ್ತು ದಾಟಿದ ಜೀವ ಏನಾದೀತು? ಹೇಳದೆ ಪೆಟ್ಟಿಗೆಯಲ್ಲೇ ಇಟ್ಟುಬಿಡೋಣ ಎಂದುಕೊಂಡು ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ಮುಖ ನೋಡಿದ್ದೇ ನನ್ನ ನಿರ್ಧಾರ ಬಿದ್ದುಹೋಯಿತು. ಲಾರಿಯನ್ನು ಅವಳ ಅಂಗೈಯಲ್ಲಿ ಇಟ್ಟೆ. ತಿರುಗಿಸಿ ಹೊಕ್ಕುಳು ಮುಟ್ಟಿಸಿದೆ. ಟೂ ಬಿಟ್ಟದ್ದು, ಸತ್ತರೂ ಮಾತಾಡೂದಿಲ್ಲ ಎಂದದ್ದು, ಎಲ್ಲ ಹೇಳಿದೆ. ಅಮ್ಮ ಸೊಪ್ಪನ್ನು ಬದಿಗೆ ಸರಿಸಿದಳು. ದಾರದ ಗಂಟನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

“ಬೆರಳು ಇಟ್ಟವಳು ನಾನೇ ಮಗಾ” ಎಂದಳು ಕೊನೆಗೆ. “ಆ ದಿವ್ಸ ಬೆಳಿಗ್ಗೆ, ಜೀಪು ಬರೂಕೆ ಮುಂಚೆ. ಗೂಡಲ್ಲಿದ್ದ ಅಕ್ಕನ ಲಾರಿ ಕೊಡು ಅಂದ. ಕೊಟ್ಟೆ. ಎರಡಕ್ಕೂ ದಾರ ಬಿಚ್ಚಿ ಮತ್ತೆ ಕಟ್ಟಿದ. ಅಮ್ಮಾ ಇಲ್ಲಿ ಬೆರಳು ಇಡು ಅಂದ, ಇಟ್ಟೆ. ಕೆಂಪುದಾರದ್ದು ಅಕ್ಕನ ಗೂಡಲ್ಲಿ ಇಡು ಅಂದ, ಇಟ್ಟೆ. ಜ್ವರದ ಕೈ ಸುಡ್ತಿತ್ತು. ಎಂತಕ್ಕೆ ಅಂತ ಕೇಳ್ಲೇ ಇಲ್ಲ ನಾನು, ಯಾವ ದಾರ ಯಾವ್ದಕ್ಕೆ ಅಂತ ನೋಡ್ಲೂ ಇಲ್ಲ.”

“ನಿಂಗೆ ಹೇಳ್ಬಾರ್ದಿತ್ತೇನೋ” ಎಂದೆ.

ಅಮ್ಮ ನನ್ನ ಕೈ ಎಳೆದುಕೊಂಡು ಲಾರಿಯನ್ನು ನನ್ನ ಅಂಗೈಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಕಿರುಬೆರಳನ್ನು ಕೊನೆಗೆ. “ನಿಂಗೆ ಅಂತ ಕೊಟ್ಟಿದ್ದು ಅಂವ. ಇಟ್ಕೋ” ಎಂದಳು. ಮತ್ತೆ ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ, “ಹಂಗಾರೆ ಗಂಟೆಗೆ ಹಾಕಿದ್ದು ನಿಂದು” ಎಂದಳು.

ನಾನು ಹೌದು ಎಂದೆ. ಸೊಪ್ಪಿನ ದಂಟುಗಳನ್ನು ಗುಡ್ಡೆ ಮಾಡುತ್ತ ಇಬ್ಬರೂ ಕೂತೆವು. ಹೊರಗೆ ಗಾಳಿ ಎದ್ದು ಹಿಂಬಾಗಿಲು ಅಲುಗಾಡಿತು. ಗಂಟೆ ಠಕ್ ಎಂದಿತು. ಅಮ್ಮ ಎಂದಿನಂತೆ ಥಟ್ಟನೆ ತಲೆ ಎತ್ತಿದಳು. ಬಾಗಿಲ ಕಡೆ ನೋಡಲಿಲ್ಲ, ನನ್ನ ಮೋರೆ ನೋಡಿದಳು.